ಬೆಂಚಿನ ಮೇಲೆ ಸರಿಯಿದ್ದ ಎರಡು ರೆಗ್ಯುಲೇಟರ್‌ಗಳು

ಅಳಿವೆಯ ನಡುವಿನಲ್ಲಿ ಒಂದು ಬೋಟು ಮುಳುಗಿತ್ತು. ಹೊಳೆ ಕಡಲಿಗೆ ಸೇರುವ ಆ ಇಕ್ಕಟ್ಟಿನ ಬಾಯಿಯಲ್ಲಿ ಮಗ್ಗುಲಾಗಿ ಮಲಗಿ, ಮೈಗೆಲ್ಲ ಹರಿದ ಬಲೆ ಸುತ್ತಿಕೊಂಡು, ಬಂದು ಹೋಗುವ ಪ್ರತಿಯೊಂದು ದೋಣಿಯ ತಳವನ್ನೂ ಕೆರೆಯುತ್ತಿತ್ತು. ನೀರಿಳಿದ ಹೊತ್ತಿನಲ್ಲಿ ಆ ಸದ್ದು ದಡದವರೆಗೂ ಕೇಳುತ್ತಿತ್ತು. ಬೇಸಿಗೆಯಲ್ಲಿ ಅದು ಬರೀ ಸದ್ದು. ಮಳೆಗಾಲದಲ್ಲಿ ಅಲೆ ಎದ್ದಾಗ ಅದೇ ಜಾಗದಲ್ಲಿ ತಳ ತಾಗಿದರೆ ದೋಣಿ ಅಡ್ಡ ತಿರುಗಿ ಮಗುಚುತ್ತದೆ. ಹಾಗಾಗಿ ಮಳೆಗೆ ಮೊದಲು ಬಲೆ, ಹಗ್ಗ, ವಯರ್ ರೋಪು ಎಲ್ಲವನ್ನೂ ನೀರಡಿಯಲ್ಲಿ ಕತ್ತರಿಸಿ, ಬೋಟನ್ನು ಬದಿಗೆ ಎಳೆಯುವ ಹಾಗೆ ಮಾಡಿಕೊಡಬೇಕೆಂದು ಅಲ್ಲಿನ ಮೀನುಗಾರರ ಸಮಿತಿ ನಮಗೆ ಕೆಲಸ ಒಪ್ಪಿಸಿತ್ತು.

ನಾವು ಎಂದರೆ ಇಬ್ಬರು. ಒಬ್ಬರು ನಮ್ಮ ಹಿರಿಯ ಡೈವರ್. ಅಳಿವೆಯ ದಡದಲ್ಲೇ ಮನೆ. ಕಣ್ಣು ಕಾಣದ ಕೆಸರು ನೀರಿನಲ್ಲಿ ಕೈಬೆರಳಿನಿಂದ ಗಂಟು ಹುಡುಕಿ ಬಿಡಿಸಬಲ್ಲವರು. ಇನ್ನೊಬ್ಬಳು ನಾನು, ಅವರ ಜೊತೆ ನೀರಿಗಿಳಿಯುವುದಲ್ಲದೆ ಉಪಕರಣಗಳ ಹೊಣೆಯೂ ನನ್ನದು. ಕಂಪನಿಯ ಯಜಮಾನರು ಮಂಗಳೂರಿನಲ್ಲಿದ್ದು ಫೋನಿನಲ್ಲಿ ಕೆಲಸ ಮಾಡಿಸುವವರು. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದ ಸಂಗತಿ ಹಿರಿಯ ಡೈವರ್‌ಗೆ ಹೇಗೋ ಗೊತ್ತಾಗಿ, ನನ್ನ ಮೇಲೆ ಸಿಟ್ಟು ಬಂದಾಗಲೆಲ್ಲ 'ವಕೀಲ್ರೇ' ಎನ್ನುತ್ತಿದ್ದರು. ಸಿಟ್ಟಿಲ್ಲದಾಗ 'ತಂಗಿ'. ಆ ಬೇಸಿಗೆಯಲ್ಲಿ ತಂಗಿ ಎಂದದ್ದು ಕಡಿಮೆ.

ಸ್ಕೂಬಾ ಉಪಕರಣದಲ್ಲಿ ಉಸಿರಿಗೆ ಸಂಬಂಧಪಟ್ಟದ್ದು ರೆಗ್ಯುಲೇಟರ್. ಅದರ ಒಂದು ಭಾಗ ಸಿಲಿಂಡರಿನ ತಲೆಗೆ ಜೋಡಿಸುವಂಥದ್ದು. ಒಳಗೆ ತುಂಬಿದ ಗಾಳಿಯ ವಿಪರೀತ ಒತ್ತಡವನ್ನು ಅದು ಇಳಿಸುತ್ತದೆ. ಇನ್ನೊಂದು ಭಾಗ ಬಾಯಿಯಲ್ಲಿ ಕಚ್ಚಿಕೊಳ್ಳುವಂಥದ್ದು. ಎಳೆದಾಗ ಗಾಳಿ ಕೊಡುತ್ತದೆ, ಬಿಟ್ಟಾಗ ನಿಲ್ಲಿಸುತ್ತದೆ. ನಮ್ಮಲ್ಲಿ ಅಂಥವು ಎರಡೇ ಇದ್ದವು. ಕೆಲಸ ಶುರುವಾದ ಸ್ವಲ್ಪ ದಿನಕ್ಕೇ ಎರಡೂ ಒಂದೇ ರೀತಿ ಹಟ ಹಿಡಿದವು. ಇಳಿದಾಗ ಸರಿ. ಕತ್ತರಿ ಹಿಡಿದು ಮೈಮುರಿದು ಕೆಲಸ ಮಾಡಿ ಏದುಸಿರು ಬರುವ ಹೊತ್ತಿಗೆ ಗಾಳಿ ಬಿಗಿಯಾಗುತ್ತಿತ್ತು, ಯಾರೋ ಕೊಳವೆಯ ಮೇಲೆ ಕಾಲಿಟ್ಟ ಹಾಗೆ. ಮತ್ತೆ ಇದ್ದಕ್ಕಿದ್ದಂತೆ ಬುಸ್ಸೆಂದು ಬಾಯಿ ತುಂಬ ನುಗ್ಗುತ್ತಿತ್ತು. ಆಳ ಹೆಚ್ಚಿಲ್ಲದಿದ್ದರೂ ಮೇಲೆ ಬಲೆಯ ಚಪ್ಪರವಿದ್ದುದರಿಂದ, ಬೇಕೆಂದ ಕ್ಷಣಕ್ಕೆ ಮೇಲೆ ಬರುವಂತಿರಲಿಲ್ಲ.

"ಕೊರಿಯರಲ್ಲಿ ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸ್ಬೇಕು," ಎಂದೆ.

"ಪೇಟೆಲಿ ಗ್ಯಾಸಿನ ಅಂಗಡಿ ಉಂಟಲ್ಲ," ಎಂದರು ಹಿರಿಯ ಡೈವರ್. "ಸಂಜೆಗೆ ರೆಡಿ ಮಾಡಿ ಕೊಡ್ತಾರೆ."

"ಅವರಿಗೆ ಇದನ್ನು ಬಿಚ್ಚುವ ಅಧಿಕಾರ ಇಲ್ಲ ಅಣ್ಣ."

"ಸ್ಕ್ರೂಗೆ ಎಂತ ಗೊತ್ತು ಅಧಿಕಾರ?"

ಯಜಮಾನರು ಫೋನಿನಲ್ಲಿ ಇಬ್ಬರ ವಾದವನ್ನೂ ಕೇಳಿ, ಯಾರಿಗೂ ಬೇಸರವಾಗದ ತೀರ್ಪು ಕೊಟ್ಟರು. ಒಂದನ್ನು ಕೊರಿಯರಿಗೆ ಹಾಕಿ, ಇನ್ನೊಂದನ್ನು ಅಂಗಡಿಗೆ ಕೊಡಿ. ಯಾವುದು ಒಳ್ಳೆಯದೆಂದು ಗೊತ್ತಾಗುತ್ತದೆ. ನನಗೆ ಖುಷಿಯೇ ಆಯಿತು. ವಾದ ಗೆಲ್ಲಲು ಇದಕ್ಕಿಂತ ನೇರವಾದ ಪರೀಕ್ಷೆ ಇರಲಿಲ್ಲ.

ಕೊರಿಯರ್ ಕಚೇರಿಯ ಕೌಂಟರಿನಲ್ಲಿದ್ದ ಯುವಕ ಫಾರ್ಮಿನ ಮೇಲೆ ಬೆರಳಿಟ್ಟ.

"ಸಿಲಿಂಡರ್ ಅಂತ ಬರ್ದಿದ್ದೀರಿ. ಗ್ಯಾಸ್ ಕಳಿಸ್ಲಿಕ್ಕಿಲ್ಲ."

"ಸಿಲಿಂಡರಿಗೆ ಜೋಡಿಸುವ ಉಪಕರಣ ಅಂತ ಬರ್ದದ್ದು. ಸಿಲಿಂಡರ್ ಅಲ್ಲಿ ಮನೇಲಿ ಉಂಟು."

"ಅದನ್ನೂ ತರ್ಬೇಕಾ?"

"ಯಾಕೆ ತರ್ಬೇಕು?"

"ನೋಡ್ಲಿಕ್ಕೆ."

ಕೊನೆಗೆ 'ಯಂತ್ರದ ಬಿಡಿಭಾಗ' ಎಂದು ಬರೆದ ಮೇಲೆ ಹೋಯಿತು. ನನ್ನ ಮನೆ ಕೇರಳದ ಗಡಿಯೊಳಗಿನ ವರ್ಕಾಡಿ. ಅಲ್ಲಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೆಚ್ಚು ಹೊತ್ತು ಬೇಡ. ಮಂಗಳೂರಿನಿಂದ ಸರ್ವಿಸ್ ಸೆಂಟರಿನ ಊರಿಗೆ ದಿನಾ ವಿಮಾನ ಉಂಟು. ಆದರೆ ಪಾರ್ಸೆಲ್ ಹೊರಟದ್ದು ದಕ್ಷಿಣಕ್ಕೆ, ಕೊಚ್ಚಿಗೆ. ಯಾಕೆಂದು ಕೇಳಿದರೆ, "ನಿಮ್ಮದು ಕೇರಳ ಅಲ್ವಾ ಮೇಡಂ," ಎಂದರು. ಕೊಚ್ಚಿ ತಲುಪುವಷ್ಟರಲ್ಲಿ ಒಂದು ಹರತಾಳ. ಹರತಾಳದ ಮರುದಿನ ಆದಿತ್ಯವಾರ. ಫೋನಿನ ಪರದೆಯಲ್ಲಿ 'ದಾರಿಯಲ್ಲಿದೆ' ಎಂಬ ಒಂದೇ ಮಾತನ್ನು ನಾನು ಬೆಳಿಗ್ಗೆಯೂ ಸಂಜೆಯೂ ಓದುತ್ತಿದ್ದೆ.

ಸರ್ವಿಸ್ ಸೆಂಟರ್ ತಲುಪಿದ ಮೇಲೆ ಇನ್ನೊಂದು ಸುತ್ತು. ಖರೀದಿಸಿದ ಬಿಲ್ಲಿನ ಪ್ರತಿ ಕಳಿಸಿ ಎಂದರು. ಕಳಿಸಿದೆ. ಬಿಡಿಭಾಗಗಳು ಹೊರದೇಶದಿಂದ ಬರಬೇಕೆಂದರು. ಕಾದೆ. ಫೋನ್ ಮಾಡಿದಾಗಲೆಲ್ಲ ಬೇರೆ ಬೇರೆಯವರು ಎತ್ತಿ ಅದೇ ಮೊದಲ ಪ್ರಶ್ನೆ ಕೇಳುತ್ತಿದ್ದರು: "ಮೇಡಂ, ಸಮಸ್ಯೆ ಏನು?" ಬುಡದಿಂದ ತುದಿಯವರೆಗೆ ವಿವರಿಸುತ್ತಿದ್ದೆ. "ನೋಟ್ ಮಾಡಿದ್ದೇವೆ." ಎಲ್ಲಿ ನೋಟ್ ಮಾಡಿದರೋ, ಮುಂದಿನ ಫೋನಿಗೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತಿತ್ತು.

ಈ ನಡುವೆ ಇನ್ನೊಂದು ರೆಗ್ಯುಲೇಟರನ್ನು ಪೇಟೆಯ ಅಂಗಡಿಗೆ ಒಯ್ದೆವು. ವೆಲ್ಡಿಂಗ್ ಸೆಟ್ಟು, ಗ್ಯಾಸ್ ಒಲೆ, ಬೆಂಕಿ ನಂದಿಸುವ ಸಿಲಿಂಡರು ಎಲ್ಲ ರಿಪೇರಿ ಮಾಡುವ ಜಾಗ. ಅಂಗಡಿಯವರು ಗಲ್ಫಿನಲ್ಲಿ ಬಹಳ ಕಾಲ ಇದ್ದು ಬಂದವರು. ನಾವೆಲ್ಲ ಕಾಕ ಎನ್ನುತ್ತಿದ್ದೆವು. ಅವರಿಗೆ ನಾನು 'ಮೋಳೆ', ಎಂದರೆ ಮಲಯಾಳದಲ್ಲಿ ಮಗಳು. ತಾನು ಬಿಚ್ಚದ ವಸ್ತು ಇನ್ನೂ ತಯಾರಾಗಿಲ್ಲ ಎಂಬಂತೆ ಅವರು ಕೂತಿರುತ್ತಿದ್ದರು.

"ಇದು ವೆಲ್ಡಿಂಗಿನದ್ದಲ್ಲ ಕಾಕ. ಇದರಲ್ಲಿ ಮನುಷ್ಯ ಉಸಿರಾಡ್ಲಿಕ್ಕುಂಟು."

"ವೆಲ್ಡಿಂಗ್ ಮಾಡುವವನೂ ಮನುಷ್ಯನೇ ಅಲ್ವಾ ಮೋಳೆ?"

"ಅವನು ಉಸಿರಾಡುದು ರೆಗ್ಯುಲೇಟರಿಂದ ಅಲ್ಲ."

"ಅದು ಕೆಟ್ರೆ ಅವನ ಉಸಿರೂ ಹೋಗ್ತದೆ." ಅವರು ಮೇಜಿನ ಮೇಲೆ ಬಟ್ಟೆ ಹಾಸಿದರು. "ಅಲ್ಲಿ ನಾನು ಡೈವಿಂಗ್ ಕಂಪನೀಲಿ ಕಂಪ್ರೆಸರ್ ನೋಡಿಕೊಂಡದ್ದು, ಗೊತ್ತುಂಟಾ?"

"ಕಂಪ್ರೆಸರ್ ನೋಡಿದ್ದೋ, ರೆಗ್ಯುಲೇಟರ್ ನೋಡಿದ್ದೋ?"

"ಎರಡೂ ಒಂದೇ ರೂಮಲ್ಲಿ ಇತ್ತು."

ಹಿರಿಯ ಡೈವರ್ ನಗು ತಡೆಯಲು ಹೊರಗೆ ಹೋದರು. ಕಾಕ ಬಿಚ್ಚಿದರು, ಒಳಗಿನ ಜಿಡ್ಡನ್ನು ಹಳೆಯ ಗ್ರೀಸೆಂದು ಒರೆಸಿ ತೊಳೆದರು. ಗಾಳಿ ಸೋರದಂತೆ ತಡೆಯುವ ಹಳೆಯ ರಬ್ಬರು ಬಳೆಗಳನ್ನು, ಅಂದರೆ ಓ-ರಿಂಗುಗಳನ್ನು ತೆಗೆದು, ತಮ್ಮ ಡಬ್ಬಿಯಿಂದ ಅದೇ ಅಳತೆಯ ಕಪ್ಪು ರಬ್ಬರು ಆರಿಸಿ ಹಾಕಿದರು. ಅದು ಯಾವ ರಬ್ಬರು, ಯಾವ ಕಂಪನಿಯದ್ದು ಎಂದು ಕೇಳಿದೆ. "ಒಳ್ಳೆ ರಬ್ಬರು," ಎಂದರು. ಸ್ಪಾನರಿನ ಹಲ್ಲು ತಾಗಿ ಮೇಲಿನ ಹೊಳಪಿನಲ್ಲಿ ಗೀರು ಬಿತ್ತು. ನನಗೆ ನನ್ನ ಹಲ್ಲೇ ಜುಮ್ಮೆಂದಿತು. ಪರೀಕ್ಷಿಸಿದಾಗ ಮಾತ್ರ ಒತ್ತಡ ತೋರಿಸುವ ಗೇಜಿನ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು.

"ಬೆಂಚಿನ ಮೇಲೆ ಸರಿ ಉಂಟು. ಇನ್ನು ಹಾಳಾದ್ರೆ ನೀರಿನ ತಪ್ಪು," ಎಂದರು ಕಾಕ.

ಹಿರಿಯ ಡೈವರ್ ಅದನ್ನು ಮನೆಗೆ ಒಯ್ದರು. ಸೊಂಟಕ್ಕೆ ಕಟ್ಟಿದ ಸಂಕೇತದ ಹಗ್ಗವನ್ನು ದೋಣಿಯವನ ಕೈಗೆ ಕೊಟ್ಟು, ನಾನಿಲ್ಲದ ದಿನ ಒಬ್ಬರೇ ಇಳಿದರು, ಇಳಿಯಬಾರದೆಂದು ನಾನು ಹೇಳಿದ್ದರೂ. ಗಾಳಿ ಮತ್ತೆ ಬಿಗಿಯಾಯಿತು. ಮೇಲೆ ಬಂದು ನನಗೆ ಫೋನ್ ಮಾಡಿದಾಗ ಅವರ ದನಿ ಚಿಕ್ಕದಾಗಿತ್ತು. ನಾನು, "ನಾನು ಹೇಳಿರ್ಲಿಲ್ವಾ?" ಎಂದೆ. ಅಂಗಡಿ ಸೋತಿತು, ಕೊರಿಯರ್ ಗೆದ್ದಿತು ಎಂದು ನಾನು ಮನಸ್ಸಿನಲ್ಲೇ ತೀರ್ಪು ಬರೆದುಕೊಂಡೆ.

ಕೊನೆಗೂ ಪಾರ್ಸೆಲ್ ಬಂತು. ಒಳಗೆ ಇನ್ನೊಂದು ಪ್ಲಾಸ್ಟಿಕ್ ಲಕೋಟೆ, ಅದರ ಮೇಲೆ ಮೊಹರು, ರೆಗ್ಯುಲೇಟರಿನ ಮೇಲೂ 'ಬಿಚ್ಚಿದರೆ ವಾರಂಟಿ ಇಲ್ಲ' ಎಂಬ ಸಣ್ಣ ಚೀಟಿ. ಹೊಸ ರಬ್ಬರು, ಕವಾಟ ಕೂರುವ ಹೊಸ ಸೀಟು. ಜೋಡಿಸಿ ನೋಡಿದರೆ ಗೇಜಿನ ಮುಳ್ಳು ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಮೊದಲ ದಿನ ನಾನು ಅದರಲ್ಲಿ ಇಳಿದೆ, ಹಿರಿಯ ಡೈವರ್ ಮೇಲೆ ಹಗ್ಗ ಹಿಡಿದರು. ಬಲೆಯ ಒಂದು ದೊಡ್ಡ ಹೊದಿಕೆಯನ್ನೇ ಬಿಡಿಸಿದೆ. ಗಾಳಿ ತಡೆಯಿಲ್ಲದೆ ಬಂತು. ದಡಕ್ಕೆ ಬಂದು ಒಂದು ಪುಟ್ಟ ಭಾಷಣವನ್ನೇ ಮಾಡಿದೆನೆಂದು ನೆನಪು.

"ಆಯ್ತು ವಕೀಲ್ರೇ. ಕೊಡಿ, ತೊಳೆದಿಡ್ತೇನೆ," ಎಂದರು ಅವರು.

ಉಪಕರಣಗಳು ಇರುತ್ತಿದ್ದುದು ಅವರ ಮನೆಯಲ್ಲೇ. ಅವರ ಬಾವಿಯಲ್ಲಿ ಸಿಹಿನೀರು; ನನಗಾದರೆ ಅಷ್ಟು ಭಾರ ಹೊತ್ತು ವರ್ಕಾಡಿಯ ಬಸ್ಸು ಹತ್ತಲು ಆಗುತ್ತಿರಲಿಲ್ಲ.

ಎರಡನೇ ದಿನ ವಯರ್ ರೋಪಿನ ಕೆಲಸ. ಬೋಟಿನ ಮಗ್ಗುಲಿಗೆ ತೂರಿ, ತಲೆಯ ಮೇಲಿನ ಬಲೆಯನ್ನು ಒಂದು ಕೈಯಿಂದ ಎತ್ತಿ ಹಿಡಿದು, ಇನ್ನೊಂದರಲ್ಲಿ ಗರಗಸ ಎಳೆಯುತ್ತಿದ್ದೆ. ಉಸಿರು ಜೋರಾಯಿತು. ಎಳೆದೆ, ಅರ್ಧವೇ ಬಂತು. ಮತ್ತೆ ಎಳೆದೆ, ಇನ್ನೂ ಕಡಿಮೆ. ಗರಗಸ ಬಿಟ್ಟು ಹಿಂದೆ ಸರಿಯಲು ನೋಡಿದರೆ ಸಿಲಿಂಡರಿನ ತಲೆಗೆ ಬಲೆ ಸಿಕ್ಕಿಕೊಂಡಿತ್ತು. ಕೂಗುವಂತಿಲ್ಲ, ವಾದಿಸುವಂತಿಲ್ಲ. ಹಗ್ಗವನ್ನು ಎಳೆದೆ, ಎಳೆಯುತ್ತಲೇ ಇದ್ದೆ. ಮೇಲಿನಿಂದ ಅವರು ಬರೀ ಬಾಯಿಯಲ್ಲಿ ಉಸಿರು ಕಟ್ಟಿ ಮುಳುಗಿ ಬಂದು, ಕತ್ತಲಲ್ಲಿ ನನ್ನ ಬೆನ್ನು ತಡವಿ, ಬಲೆಯ ಆ ಎಳೆಯನ್ನು ಕೊಯ್ದರು.

ಇಬ್ಬರೂ ದೋಣಿ ಹತ್ತಿ ಮರಳಿದೆವು. ದಡದಲ್ಲಿ ಸಮಿತಿಯ ಕಾರ್ಯದರ್ಶಿ ಕಾಯುತ್ತಿದ್ದರು.

"ಎಂತಾಯ್ತು? ಕಡ್ದಾಯ್ತಾ?"

"ಇಲ್ಲ."

"ಕಡಲಿನ ಬಣ್ಣ ನೋಡಿದ್ರಾ? ಇನ್ನು ಜಾಸ್ತಿ ದಿನ ಸಿಗುದಿಲ್ಲ. ಆಗುದಿಲ್ಲ ಅಂತಾದ್ರೆ ಮೊದಲೇ ಹೇಳ್ಬೇಕಿತ್ತು ಮಾರಾಯ್ರೆ, ಬೇರೆಯವರನ್ನು ನೋಡ್ತಿದ್ದೆವು. ಜೂನಲ್ಲಿ ಆ ಬಾಯಲ್ಲಿ ಹೋಗುದು ನಮ್ಮ ಮಕ್ಕಳು, ನಿಮ್ಮ ಕಂಪನಿ ಅಲ್ಲ."

ನನ್ನ ಸಿಟ್ಟೆಲ್ಲ ಸರ್ವಿಸ್ ಸೆಂಟರಿನ ಮೇಲೆ ತಿರುಗಿತು. ಫೋನ್ ಮಾಡಿ, ಈ ಸಲ ಟೆಕ್ನಿಷಿಯನ್ ಲೈನಿಗೆ ಬರುವ ತನಕ ಬಿಡಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ಮೇಡಂ, ನಮ್ಮ ಬೆಂಚಿನ ಮೇಲೆ ಸರಿ ಇತ್ತು. ನಿಮ್ಮ ಕಡೆಯಿಂದ ಏನೋ ಆಗಿದೆ," ಎಂದ. ಏನು ಆಗಿದೆ ಎಂದರೆ ಅದು ಅವನಿಗೆ ಗೊತ್ತಿಲ್ಲ. ಮತ್ತೆ ಕಳಿಸಿ, ನೋಡೋಣ.

ಫೋನಿಟ್ಟ ಮೇಲೆ ನಾನು ಗಟ್ಟಿಯಾಗಿ ಬೈದೆ. ಆದರೆ ಒಂದು ಮಾತು ತಲೆಯೊಳಗೆ ಕೂತುಬಿಟ್ಟಿತ್ತು. ಪರಸ್ಪರ ಮುಖ ನೋಡದ, ಒಬ್ಬರನ್ನೊಬ್ಬರು ಒಪ್ಪದ ಎರಡು ಪಕ್ಷಗಳು ಒಂದೇ ವಾಕ್ಯ ಹೇಳಿದ್ದವು: ಬೆಂಚಿನ ಮೇಲೆ ಸರಿ ಇತ್ತು. ಸ್ಪರ್ಧೆಯಲ್ಲಾದರೆ ಎದುರಿನ ಎರಡೂ ತಂಡಗಳು ಒಪ್ಪಿದ ಮಾತನ್ನು ನಾನು ಸುಳ್ಳೆನ್ನಲು ಹೋಗುತ್ತಿರಲಿಲ್ಲ. ಅದನ್ನು ನಿಜವೆಂದೇ ಹಿಡಿದು ಮುಂದೆ ಹೋಗುತ್ತಿದ್ದೆ. ಹಾಗಾದರೆ ಇಬ್ಬರೂ ಕೆಲಸ ಸರಿಯಾಗಿಯೇ ಮಾಡಿದ್ದಾರೆ. ಕೆಡುವುದು ಆಮೇಲೆ, ನೀರಿನಲ್ಲಿ, ಅದೂ ಜೋರಾಗಿ ಉಸಿರೆಳೆದಾಗ. ಬೆಂಚಿಗೂ ಅದಕ್ಕೂ ವ್ಯತ್ಯಾಸ ಎಲ್ಲಿ?

ಒತ್ತಿ ತುಂಬಿದ ಗಾಳಿ ಇದ್ದಕ್ಕಿದ್ದಂತೆ ಹಿಗ್ಗಿದರೆ ತಣ್ಣಗಾಗುತ್ತದೆ. ಹೆಚ್ಚು ಎಳೆದಷ್ಟೂ ರೆಗ್ಯುಲೇಟರಿನ ಹೊಟ್ಟೆ ತಣ್ಣಗೆ. ನಮ್ಮೂರಿನ ಮೇ ತಿಂಗಳ ಸೆಕೆಯಲ್ಲಿ ಒಂದೆರಡು ಸಲ ಗುಂಡಿ ಒತ್ತಿ ನೋಡುವ ಬೆಂಚಿನ ಮೇಲೆ ಆ ತಂಪು ಬರುವುದೇ ಇಲ್ಲ.

ಮರುದಿನ ಬೆಳಿಗ್ಗೆ ಎರಡನ್ನೂ ದೋಣಿಗಳು ಮೀನು ಇಳಿಸುವ ದಕ್ಕೆಗೆ ತರಿಸಿದೆ. ಮೀನಿನ ಪೆಟ್ಟಿಗೆಯಲ್ಲಿದ್ದ ಪುಡಿ ಐಸಿನೊಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎರಡರ ತಲೆಯನ್ನೂ ಹುಗಿದೆ.

"ಅದೆಂತ, ಬಂಗುಡೆಯಾ?" ಎಂದು ಐಸು ಹೊಡೆಯುವವನು ಕೇಳಿದ. ಸುತ್ತ ಜನ ಸೇರಿದರು. ಕಾರ್ಯದರ್ಶಿಯೂ ಬಂದರು. ಹಿರಿಯ ಡೈವರ್ ಮುಖ ಗಂಟಿಕ್ಕಿ, "ಇದನ್ನು ತಿಂದು ಬದುಕ್ಲಿಕ್ಕಾ ನಾವು?" ಎಂದರು.

ಚೆನ್ನಾಗಿ ತಣ್ಣಗಾದ ಮೇಲೆ ಸಿಲಿಂಡರಿಗೆ ಜೋಡಿಸಿ, ಗೇಜು ಹಾಕಿ, ಬಾಯಿಯ ಭಾಗದ ಗುಂಡಿ ಒತ್ತಿದೆ. ಮುಳ್ಳು ಧಡಕ್ಕನೆ ಕೆಳಗೆ ಬಿತ್ತು. ಕೂಡಲೇ ಏಳಬೇಕಾದ್ದು ಏಳಲಿಲ್ಲ. ಮೆಲ್ಲ ಮೆಲ್ಲ ಹತ್ತಿ, ನಿಲ್ಲಬೇಕಾದ ಜಾಗವನ್ನೂ ದಾಟಿತು. ಗಾಳಿ ತಾನಾಗಿಯೇ ಬುಸ್ಸೆಂದು ಸೋರಲು ಶುರುವಾಯಿತು. ನೀರಡಿಯಲ್ಲಿ ಆಗುತ್ತಿದ್ದುದು ಅದೇ, ಈಗ ಎಲ್ಲರ ಕಣ್ಣೆದುರು. ಇನ್ನೊಂದನ್ನು ಹಾಕಿದೆ. ಅದೂ ಹಾಗೆಯೇ.

ಈಗ ಬಿಚ್ಚಬೇಕು. ಕೊರಿಯರಿಗೆ ಹಾಕಿದರೆ ಮಳೆ ಮುಗಿದ ಮೇಲೆ ಬರುತ್ತದೆ. ವಾರಂಟಿಯ ಚೀಟಿಯನ್ನು ನಾನೇ ಉಗುರಿನಿಂದ ಕೆರೆದು ತೆಗೆದೆ. ಐಸಿನ ಸಮೇತ ರಿಕ್ಷಾದಲ್ಲಿ ಕಾಕನ ಅಂಗಡಿಗೆ ಹೋದೆವು. ನಾನು ಹಿಡಿದುಕೊಂಡೆ, ಅವರು ತಿರುಗಿಸಿದರು. ಮುಚ್ಚಳ ಬಂತು.

ಒಳಗೆ ಬಿಳಿ. ಗಾಳಿ ಒಳಹೋಗುವ ಬಾಯಿಯ ಕಂಚಿನ ಸಣ್ಣ ಫಿಲ್ಟರಿನ ಮೇಲೆ, ಜಾರಬೇಕಾದ ಪಿಸ್ಟನಿನ ಸುತ್ತ, ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಕಾಣುವಂಥ ಬಿಳಿ ಗಟ್ಟಿ. ಕಾಕ ಬೆರಳಿಗೆ ತಾಗಿಸಿ ಮೂಸಿದರು. ಬೆರಳಿನ ಬಿಸಿಗೆ ಅದು ಕರಗಿಹೋಯಿತು.

"ಇದರಲ್ಲಿ ಮೀನು ಹುರಿಬಹುದು," ಎಂದರು.

ತೆಂಗಿನೆಣ್ಣೆ. ನಾನು ಹಿರಿಯ ಡೈವರ್ ಕಡೆ ತಿರುಗಿದೆ. ಅವರು ಎಷ್ಟು ಸಹಜವಾಗಿ ಹೇಳಿದರೆಂದರೆ ನನಗೆ ಸಿಟ್ಟು ಮಾಡಲು ಜಾಗವೇ ಸಿಗಲಿಲ್ಲ.

"ಉಪ್ಪು ಹಿಡಿಯದ ಹಾಗೆ ಒಂದು ಹನಿ ಬಿಡ್ತಿದ್ದೆ. ಬೀಗಕ್ಕೆ ಬಿಡುದಿಲ್ವಾ? ಹೊಲಿಗೆ ಮಿಷನಿಗೆ? ಅಪ್ಪ ಇಂಜಿನಿನ ಸ್ಕ್ರೂವಿಗೆಲ್ಲ ಬಿಡ್ತಿದ್ದರು."

"ಒಂದು ಹನಿಯಾ?"

"ಮೊದಲು ಒಂದು. ಮತ್ತೆ ಹಾಳಾಗ್ಲಿಕ್ಕೆ ಶುರು ಆಯ್ತಲ್ಲ, ಹಾಗೆ ಸ್ವಲ್ಪ ಜಾಸ್ತಿ."

"ಉಸಿರಾಡುವಾಗ ವಾಸನೆ ಬರ್ಲಿಲ್ವಾ ಅಣ್ಣ?"

"ನನ್ನ ತಲೆಗೂ ಅದೇ ಎಣ್ಣೆ ಹಚ್ಚುದು. ಎಲ್ಲಿಂದ ಬರುದು ಅಂತ ಹೇಗೆ ಗೊತ್ತಾಗ್ಬೇಕು? ನಿನಗೆ ಬಂತಾ?"

ಬಂದಿರಲಿಲ್ಲ. ನನ್ನ ಜಡೆಗೂ ಅದೇ.

ಇಷ್ಟು ದಿನ ನಾವು ಚರ್ಚಿಸಿದ್ದು ಕೊರಿಯರೋ ಅಂಗಡಿಯೋ ಎಂದು. ಎರಡೂ ಕಡೆ ಗಂಟಲು ಹರಿಯುವಷ್ಟು ವಾದಿಸಿದ್ದೆವು. ವಿಷಯವನ್ನೇ ತಪ್ಪಾಗಿ ಇಟ್ಟುಕೊಂಡರೆ ಗೆದ್ದವನಿಗೂ ಏನೂ ಸಿಗುವುದಿಲ್ಲ ಎಂಬುದು ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಆ ಹೊತ್ತಿನಲ್ಲಿ ಸಮಾಧಾನಕ್ಕಿಂತ ಹೆಚ್ಚಾಗಿ ಮಂಡೆ ಬಿಸಿಯೇ ಆಯಿತು.

ಅದು ಇನ್ನೂ ಏರಿದ್ದು ಕಾಕ ಓ-ರಿಂಗುಗಳನ್ನು ಸಾಲಾಗಿ ಇಟ್ಟಾಗ. ಸರ್ವಿಸ್ ಸೆಂಟರಿನವರು ಹಾಕಿದ ಅಸಲಿ ರಿಂಗುಗಳು ಎಣ್ಣೆ ಕುಡಿದು ಊದಿಕೊಂಡಿದ್ದವು. ಕಾಕನ ಡಬ್ಬಿಯ ಕಪ್ಪು ರಿಂಗುಗಳು ಹಾಕಿದ ಹಾಗೆಯೇ ಇದ್ದವು.

"ನೋಡಿದ್ಯಾ ಮೋಳೆ, ನನ್ನ ಮಾಲು."

"ಅದು ನಿಮ್ಮ ಜಾಣತನ ಅಲ್ಲ ಕಾಕ. ಆ ರಬ್ಬರಿಗೆ ಎಣ್ಣೆ ಹಿಡಿಯುದಿಲ್ಲ, ಅಷ್ಟೇ."

"ಹಿಡಿಯದ್ದನ್ನು ಹಾಕಿದ್ದು ಯಾರು?"

ಅಸಲಿ ರಿಂಗುಗಳು ಮತ್ತೆ ಬರಬೇಕಾದರೆ ಮತ್ತೆ ಕೊಚ್ಚಿ, ಮತ್ತೆ 'ದಾರಿಯಲ್ಲಿದೆ'. ಎಣ್ಣೆ ಪೂರ್ತಿ ಹೋಗುವ ತನಕ ಎರಡನ್ನೂ ಸೋಪಿನ ಬಿಸಿನೀರಿನಲ್ಲಿ ತೊಳೆದು, ಸಿಹಿನೀರಿನಲ್ಲಿ ಜಾಲಿಸಿ, ಗಾಳಿ ಊದಿ ಒಣಗಿಸಿದೆವು. ಫಿಲ್ಟರುಗಳನ್ನು ಮತ್ತೆ ಮತ್ತೆ ತೊಳೆದು ಬೆಳಕಿಗೆ ಹಿಡಿದು ನೋಡಿದೆ. ಕಾಕನ ರಿಂಗುಗಳಿದ್ದ ರೆಗ್ಯುಲೇಟರನ್ನು ಹಾಗೆಯೇ ಜೋಡಿಸಿದೆವು. ಊದಿದ ರಿಂಗುಗಳಿದ್ದದ್ದಕ್ಕೆ ಅವರ ಡಬ್ಬಿಯಿಂದಲೇ ಹೊಸತು. ಒಂದೊಂದು ರಿಂಗಿನ ಅಳತೆಯನ್ನೂ ನಾನು ಕ್ಯಾಲಿಪರ್ ಹಿಡಿದು ನೋಡಿದೆ. ಮೂರು ರಿಂಗುಗಳನ್ನು ತಿರಸ್ಕರಿಸಿದೆ. ಪ್ರತಿ ಸಲವೂ ಕಾಕ ಮುಖ ಸಣ್ಣ ಮಾಡಿ ಇನ್ನೊಂದು ಹುಡುಕಿಕೊಟ್ಟರು. ಕೂಡಿಸಿದ ಮೇಲೆ ಎರಡನ್ನೂ ಮತ್ತೆ ಐಸಿನಲ್ಲಿ ಹುಗಿದು ಪರೀಕ್ಷಿಸಿದೆವು. ಮುಳ್ಳು ಬಿತ್ತು, ಎದ್ದಿತು, ನಿಂತಿತು.

"ಹೊಸ ರಬ್ಬರಿದ್ದದ್ದನ್ನು ನಂಗೆ ಕೊಡು," ಎಂದರು ಹಿರಿಯ ಡೈವರ್. "ನನ್ನಿಂದಾಗಿ ಹೀಗಾದದ್ದು."

"ಇಲ್ಲ. ಆ ರಬ್ಬರು ಸಾಕು ಅಂತ ಹೇಳಿದ್ದು ನಾನು. ಅದು ನನ್ನ ಬಾಯಲ್ಲಿರ್ಬೇಕು."

"ಇದರಲ್ಲೂ ವಾದವಾ?"

"ಇದರಲ್ಲಿ ವಾದ ಇಲ್ಲ."

ಮರುದಿನ ಕಡಲು ಅರೆಮನಸ್ಸಿನಲ್ಲಿತ್ತು. ಪಡುವಣದಲ್ಲಿ ಮೋಡ ಗಟ್ಟಿಯಾಗಿತ್ತು. ಇಬ್ಬರೂ ಒಟ್ಟಿಗೆ ಇಳಿದೆವು. ಒಬ್ಬರು ಕೊಯ್ಯುವಾಗ ಇನ್ನೊಬ್ಬರು ಬಲೆ ಎತ್ತಿ ಹಿಡಿಯುವುದು ಎಂದು ಮಾತಾಗಿತ್ತು. ನೀರು ಕದಡಿ ಕಣ್ಣೆದುರಿನ ಕೈಯೂ ಕಾಣುತ್ತಿರಲಿಲ್ಲ. ವಯರ್ ರೋಪಿಗೆ ಗರಗಸ ಹಿಡಿದು ಎಳೆದೆ. ಉಸಿರು ಜೋರಾಯಿತು. ಆ ಹೊತ್ತಿಗೆ ನಾನು ಗರಗಸದ ಕಡೆ ಗಮನ ಕೊಡುತ್ತಿರಲಿಲ್ಲ. ಬಾಯಿಗೆ ಬರುವ ಗಾಳಿಯನ್ನೇ ಕೇಳುತ್ತಿದ್ದೆ. ಬಂತು. ಮತ್ತೆ ಬಂತು. ಕೈ ಸೋತಾಗ ಅವರು ಗರಗಸ ತೆಗೆದುಕೊಂಡರು, ನಾನು ಬಲೆ ಹಿಡಿದೆ. ಕೊನೆಯ ಎಳೆ ಹರಿದಾಗ ರೋಪು ಪಟ್ಟೆಂದು ಹಿಂದಕ್ಕೆ ಹಾರಿದ್ದು ನೀರಿನಲ್ಲೂ ಎದೆಗೆ ತಿಳಿಯಿತು.

ಮಧ್ಯಾಹ್ನದ ಉಬ್ಬರದಲ್ಲಿ ದೋಣಿಗಳು ಸೇರಿ ಬೋಟಿಗೆ ಹಗ್ಗ ಹಾಕಿ ಎಳೆದವು. ಅದು ಪೂರ್ತಿ ಬರಲಿಲ್ಲ. ತೆಂಕು ದಂಡೆಯ ಮರಳಿಗೆ ಓರೆಯಾಗಿ ಸರಿದು ಅಲ್ಲೇ ಕೂತಿತು. ಇನ್ನೊಮ್ಮೆ ಇಳಿಯೋಣವೆಂದರೆ ಗಾಳಿ ಎದ್ದಿತ್ತು.

"ಅರ್ಧ ಕೆಲಸ," ಎಂದರು ಕಾರ್ಯದರ್ಶಿ. ಸುಳ್ಳೇನಲ್ಲ.

ಸಂಜೆಯ ಇಳಿತಕ್ಕೆ ಕಾದು ನಿಂತೆವು. ನೀರು ಸಾಕಷ್ಟು ಇಳಿದ ಮೇಲೆ ಒಂದು ದೋಣಿ ಇಂಜಿನು ಸಣ್ಣ ಮಾಡಿಕೊಂಡು ಹೊಸ ದಾರಿಯಲ್ಲಿ ಬಂತು. ಮುಂದೆ ಕೂತವನು ಬಗ್ಗಿ ನೀರನ್ನೇ ನೋಡುತ್ತಿದ್ದ. ದಡದಲ್ಲಿ ಆ ಕೆರೆಯುವ ಸದ್ದಿಗಾಗಿ ಎಲ್ಲರೂ ಕಿವಿಗೊಟ್ಟಿದ್ದರು. ದೋಣಿ ಬಾಯಿ ದಾಟಿ ಹೊರಗಿನ ಅಲೆಗೆ ತಲೆಯೆತ್ತಿತು.

"ತಾಗ್ಲಿಲ್ಲ ತಂಗಿ," ಎಂದರು ಹಿರಿಯ ಡೈವರ್.